ಹೆಪ್ಪಿನ ಬಟ್ಟಲಲ್ಲಿ ಲಿನಕ್ಸ್

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಈಗ ಒಂದು ಪುಟ್ಟ ಸ್ಟೀಲ್ ಬಟ್ಟಲು ಬೋರಲು ಬಿದ್ದಿದೆ. ಅದು ನಮ್ಮದಲ್ಲ. ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ‘ಶಾಂ. ವಿ.’ ಎಂದು ಕೊರೆದಿದೆ. ಅಂದರೆ ಬಾಜೂ ಮನೆಯ ಶಾಂತಕ್ಕನದು. ನಮ್ಮ ಬಟ್ಟಲುಗಳು ಅವರ ಮನೆಯಲ್ಲಿ ಎಷ್ಟಿವೆಯೋ ಆ ಶಿವನೇ ಬಲ್ಲ. ಪಾತ್ರೆಯ ಮೇಲೆ ಹೆಸರು ಕೊರೆಸುವುದು ಕಳ್ಳರ ಭಯಕ್ಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ನೆರೆಯವರ ಭಯಕ್ಕೆ.

ಈ ಬಟ್ಟಲನ್ನು ಇಂದಲ್ಲ ನಾಳೆ ವಾಪಸು ಕಳಿಸಬೇಕು. ಆದರೆ ಖಾಲಿ ಕಳಿಸುವಂತಿಲ್ಲ. ಪಲ್ಯ ಬಂದ ಬಟ್ಟಲಿಗೆ ಚಟ್ನಿಪುಡಿ, ಚಟ್ನಿಪುಡಿ ಬಂದ ಬಟ್ಟಲಿಗೆ ಒಂದು ಹಿಡಿ ಪುಟಾಣಿ ಕಡಲೆ, ಏನೂ ಇಲ್ಲದಿದ್ದರೆ ಒಂದು ನಿಂಬೆಹಣ್ಣು. ಹೆಪ್ಪು ಬಂದ ಬಟ್ಟಲಿಗಂತೂ ಸಕ್ಕರೆಯೇ ಆಗಬೇಕು. ಇದು ಅವ್ವನ ಕಾನೂನು. ಕುಂದಗೋಳದ ನಮ್ಮ ಓಣಿಯಲ್ಲಿ ಈ ಕಾನೂನನ್ನು ಮುರಿದವರನ್ನು ನಾನು ಕಂಡಿಲ್ಲ. ಮುರಿಯದೆ ಇದ್ದುದಕ್ಕೆ ಆದ ಫಜೀತಿಯನ್ನು ಮಾತ್ರ ಕಂಡಿದ್ದೇನೆ. ಅದನ್ನೇ ಹೇಳಲು ಹೊರಟೆ.

ಇದನ್ನು ನಾನು ಬರೆಯುತ್ತಿರುವುದು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ. ಕಪ್ಪು ಬಣ್ಣ, ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಭಾರ. ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಚಾರ್ಜರಿನ ವಾಯರು ಗೋಡೆಗೆ ಚುಚ್ಚಿದ್ದರೆ ಉಸಿರು, ಕಿತ್ತರೆ ಶಿವಾಯ ನಮಃ. ‘ಕ್ಷ’ ಬರೆಯಬೇಕಾದರೆ ಒಂದು ಕೀಲಿಯನ್ನು ಹೆಬ್ಬೆರಳಿನಿಂದ ಗುದ್ದಬೇಕು. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು, ಹಳೆಯದನ್ನು ಒಗೆಯುವ ಅಭ್ಯಾಸವಿಲ್ಲ. ಪ್ರಶ್ನೆಪತ್ರಿಕೆ ತಯಾರಿಸಲೆಂದು ಕೊಂಡ ಈ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ತನ್ನೊಳಗಿನ ತಂತ್ರಾಂಶವನ್ನೇ ಮರೆತು, ಕಪ್ಪು ಪರದೆಯಲ್ಲಿ ಒಂದು ಬಿಳಿ ಗೆರೆಯನ್ನು ಮಿಟುಕಿಸುತ್ತ ಕುಳಿತುಬಿಟ್ಟಿತು. ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಅಲ್ಲೇ ವರ್ಷಗಟ್ಟಲೆ ಮಲಗಿತು. ಇಂದು ಅದರಲ್ಲಿ ಲಿನಕ್ಸ್ ಎಂಬ ಬೇರೆ ತಂತ್ರಾಂಶ ಓಡುತ್ತಿದೆ. ಡಿಸ್ಕನ್ನು ಅಣ್ಣತಮ್ಮಂದಿರ ಹೊಲದಂತೆ ಎರಡು ಪಾಲು ಮಾಡಿ, ಹೊಸದನ್ನು ಒಂದು ಪಾಲಿನಲ್ಲಿ ಇರಿಸಿದ್ದೇವೆ. ಇನ್ನೊಂದು ಪಾಲನ್ನು ಮುಟ್ಟಿಲ್ಲ. ಮುಟ್ಟುವುದೂ ಇಲ್ಲ, ಏಕೆಂದರೆ ಅಲ್ಲಿ ಚಿಗವ್ವ ಇದ್ದಾಳೆ.

ಚಿಗವ್ವ ಅಂದರೆ ಅವ್ವನ ತಂಗಿ, ನೀಲವ್ವ. ಇಬ್ಬರೂ ಯರಗುಪ್ಪಿಯ ಮಣ್ಣಿನ ಮನೆಯಲ್ಲಿ ಹುಟ್ಟಿದವರು. ಅವ್ವನನ್ನು ಕುಂದಗೋಳಕ್ಕೆ, ಚಿಗವ್ವನನ್ನು ಶಲವಡಿಗೆ ಕೊಟ್ಟರು. ಅಕ್ಕ ಎಷ್ಟು ಶಿಸ್ತೋ ತಂಗಿ ಅಷ್ಟು ಸಡಿಲ. ಅವ್ವ ಮುಂಜಾನೆ ಲಿಂಗಪೂಜೆ ಮುಗಿಯದೆ ನೀರು ಮುಟ್ಟುವವಳಲ್ಲ. ಚಿಗವ್ವ ಪೂಜೆಯ ನಡುವೆ ಕಣ್ಣು ತೆರೆದು, “ಒಲಿ ಮ್ಯಾಲಿನ ಹಾಲ ನೋಡ್ರೆ” ಎಂದು ಕೂಗಿ ಮತ್ತೆ ಕಣ್ಣು ಮುಚ್ಚುವವಳು.

ನಾನು ಸಣ್ಣವಳಿದ್ದಾಗ ಯರಗುಪ್ಪಿಯಲ್ಲಿ ನಡೆದದ್ದೊಂದು ನೆನಪಿದೆ. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು, ಉಪ್ಪು, ಸೂಜಿ ಹೊರಗೆ ಕೊಡಬಾರದೆಂಬುದು ನಿಮಗೂ ಗೊತ್ತಿರಬೇಕು. ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಒಂದು ಸಂಜೆ ಅಜ್ಜಿ ಆಗಷ್ಟೇ ದೀಪ ಹಚ್ಚಿ ಹಿತ್ತಲಿಗೆ ಹೋಗಿದ್ದಳು. ಹಿಂದಿನ ಮನೆಯ ಬಾಣಂತಿಯ ತಾಯಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಅವ್ವನಾಗಿದ್ದರೆ ಇಲ್ಲವೆಂದು ಕಳಿಸುತ್ತಿದ್ದಳು. ಚಿಗವ್ವ ಆಗ ಇನ್ನೂ ಮದುವೆಯಾಗದ ಹುಡುಗಿ. ಅತ್ತಿತ್ತ ನೋಡಿ ದೀಪವನ್ನು ‘ದೊಡ್ಡದು’ ಮಾಡಿದಳು. ನಮ್ಮಲ್ಲಿ ದೀಪ ಆರಿಸಿದೆ ಎನ್ನುವುದಿಲ್ಲ. ಹೆಪ್ಪು ಕೊಟ್ಟಳು. ಕಡ್ಡಿ ಗೀರಿ ದೀಪ ಮತ್ತೆ ಹಚ್ಚಿದಳು. ನನ್ನ ಕಡೆ ತಿರುಗಿ, “ಲಕ್ಷ್ಮಿ ಇನ್ನೂ ಒಳಗ ಬಂದೇ ಇದ್ದಿಲ್ಲ, ಹೋಗೂದೆಲ್ಲಿಂದ?” ಎಂದಳು. ಎಷ್ಟೋ ವರ್ಷ ಇತಿಹಾಸ ಕಲಿಸಿದರೂ ಕಾನೂನನ್ನೂ ಕರುಣೆಯನ್ನೂ ಒಂದೇ ಕಡ್ಡಿಯಲ್ಲಿ ಕಾಪಾಡಿದ ಇನ್ನೊಬ್ಬರ ಹೆಸರನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿಲ್ಲ.

ಯರಗುಪ್ಪಿಯ ಮನೆ ಕೈಬಿಟ್ಟ ಮೇಲೆ ಚಿಗವ್ವನಿಗೆ ನಾಗರ ಪಂಚಮಿಗೆ ಹೋಗಲು ತವರಿರಲಿಲ್ಲ. “ಅಕ್ಕನ ಮನೀನ ನನ್ನ ತವರ” ಎಂದು ಪ್ರತಿ ಶ್ರಾವಣ ನಮ್ಮ ಮನೆಗೆ ಬಂದಿಳಿಯುತ್ತಿದ್ದಳು. ಜಿಟಿಜಿಟಿ ಮಳೆಯಲ್ಲಿ, ಚಪ್ಪಲಿಗೆ ಎರೆಮಣ್ಣು ಮೆತ್ತಿಕೊಂಡು, ಬಾಗಿಲಲ್ಲೇ “ಅಕ್ಕಾ” ಎಂದು ಕೂಗುತ್ತ. ಅಕ್ಕತಂಗಿ ಸೇರಿ ಉಂಡಿ ಕಟ್ಟುವುದು, ಕಟ್ಟುತ್ತ ಜಗಳವಾಡುವುದು, ಸಂಜೆ ನಮ್ಮ ಪಡಸಾಲೆಯ ಜಂತಿಗೆ ಕಟ್ಟಿದ ಜೋಕಾಲಿಯಲ್ಲಿ ಆ ವಯಸ್ಸಿನಲ್ಲೂ ಜೀಕುವುದು. ಚಿಗವ್ವ ಚೆಂದ ಹಾಡುತ್ತಿದ್ದಳು. ಸಂಗೀತಕ್ಕೆ ಹೆಸರಾದ ಕುಂದಗೋಳದವಳೆಂದು ಗೊತ್ತಾದರೆ ಹೊರಗಿನವರು “ಹಂಗಾರ ನೀವೂ ಹಾಡ್ತೀರೇನ್ರಿ?” ಎಂದು ನನ್ನನ್ನು ಕೇಳುವುದುಂಟು. ನಾನು ಹಾಡಿದರೆ ಊರಿನ ಹೆಸರೇ ಕೆಟ್ಟೀತು. ಹಾಡೆಲ್ಲ ಶಲವಡಿಯ ಪಾಲಿಗೆ ಹೋಗಿತ್ತು.

ಅವರ ಜಗಳಗಳಲ್ಲಿ ದೊಡ್ಡದು ಕಲ್ಲುಂಡಿಯ ಜಗಳ. ಒಂದು ಪಂಚಮಿಗೆ ಎಳ್ಳುಂಡಿ ಮಾಡುವಾಗ ಬೆಲ್ಲದ ಆಣ ಮೀರಿಹೋಯಿತು. ಆಣ ಅಂದರೆ ಪಾಕ. ಅದು ಬಂತೋ ಇಲ್ಲವೋ ಎಂದು ನೋಡುವ ಬೆರಳು ಅವ್ವನದು. ಒಂದು ಹನಿಯನ್ನು ತಣ್ಣೀರಿನ ತಟ್ಟೆಗೆ ಬಿಟ್ಟು ಉರುಳಿಸಿ ಅವಳು ‘ಇಳಸು’ ಅಂದ ಮೇಲೆಯೇ ಚಿಗವ್ವ ಕಡಾಯಿ ಇಳಿಸುವುದು ಪದ್ಧತಿ. ಆ ಸಲ ಯಾರೂ ಇಳಿಸು ಅನ್ನಲಿಲ್ಲ. ಉಂಡಿ ಕಲ್ಲಾದವು. ಒಳಕಲ್ಲಿಗೆ ಹಾಕಿ ಕುಟ್ಟಿ ತಿಂದೆವು. “ನಾ ಕರದೆ, ನೀ ಹಿತ್ತಲದಾಗ ಬಳಿಗಾರನ ಮುಂದ ನಿಂತಿದ್ದಿ” ಎಂದು ಚಿಗವ್ವ. “ಕರದಿದ್ರ ನನಗ ಕೇಳಸ್ತಿದ್ದಿಲ್ಲೇನು? ಆಕಿ ಕರೀಲೇ ಇಲ್ಲ” ಎಂದು ಅವ್ವ. ಈ ಮೊಕದ್ದಮೆ ಮುಂದೆ ಪ್ರತಿ ಪಂಚಮಿಗೂ ನಡೆಯಿತು. ಮದುವೆ, ಮುಂಜಿ, ಬಸ್ ನಿಲ್ದಾಣ, ಎಲ್ಲಿ ಭೆಟ್ಟಿಯಾದರೂ ಒಮ್ಮೆ ತೆಗೆದು ಝಾಡಿಸುತ್ತಿದ್ದರು.

ಅದೇ ಕಲ್ಲುಂಡಿಯ ವರ್ಷ ನಾನು ಹೊಸ ಲ್ಯಾಪ್‌ಟಾಪಿನ ಹುಮ್ಮಸ್ಸಿನಲ್ಲಿದ್ದೆ. ಚಿಗವ್ವನ ಹಾಡನ್ನು ಅದರಲ್ಲಿ ಮುದ್ರಿಸಿದ್ದೆ. ಅಂದರೆ ಮುದ್ರಿಸಿದ್ದೆ ಎಂದೇ ನನ್ನ ನೆನಪು.

ಹೋದ ಚಳಿಗಾಲದಲ್ಲಿ ಚಿಗವ್ವ ತೀರಿಕೊಂಡಳು. ಹೆಚ್ಚು ಮಲಗಲಿಲ್ಲ, ಯಾರಿಗೂ ತ್ರಾಸು ಕೊಡಲಿಲ್ಲ. ಶಲವಡಿಯಿಂದ ಬಂದ ಮೇಲೆ ಅವ್ವ ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಶ್ರಾವಣ ಹತ್ತಿರವಾದಾಗ ಒಂದು ಸಂಜೆ, ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತವಳು ಕೈ ನಿಲ್ಲಿಸಿ ಹೇಳಿದಳು:

“ಆಕಿ ಮಾರಿ ನೆಪ್ಪೈತಿ. ಉಟ್ಟ ಸೀರಿ ನೆಪ್ಪೈತಿ. ಧ್ವನಿ ಮಾತ್ರ ಕಿವ್ಯಾಗ ಬರವಲ್ದು ನೋಡ ಗಂಗೂ. ಬಾಗಲದಾಗ ನಿಂತು ಅಕ್ಕಾ ಅಂತಿದ್ಲಲ್ಲ, ಅದು ಹ್ಯಾಂಗ ಅಂತಿದ್ಲು?”

ನಾನು ಕೂಗಿ ತೋರಿಸಿದರೆ ಅದು ನನ್ನ ಧ್ವನಿಯಾಗುತ್ತಿತ್ತು. “ಈ ಪಂಚಮಿಗಿ ಉಂಡಿ ಬ್ಯಾಡ” ಎಂದೂ ಅವ್ವ ಹೇಳಿದಳು. ಆಗಲೇ ನನಗೆ ಟ್ರಂಕು ನೆನಪಾದದ್ದು. “ಆಕೀ ಹಾಡು ನನ್ನ ಲ್ಯಾಪ್‌ಟಾಪಿನ್ಯಾಗ ಐತೆಬೇ, ತಗದು ಕೇಳಸ್ತೇನಿ” ಎಂದುಬಿಟ್ಟೆ. ಮಾತು ಕೊಡುವುದು ಸಸಾರ. ಸತ್ತ ಯಂತ್ರದಿಂದ ಧ್ವನಿ ತೆಗೆಯುವುದು ಹೇಗೆ?

ಇಲ್ಲಿ ವಿರೂಪಾಕ್ಷ ಮಾಸ್ತರರ ಪ್ರವೇಶ. ಶಾಂತಕ್ಕನ ಗಂಡ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೆಲವರು ಯೋಗ ಹಿಡಿಯುತ್ತಾರೆ, ಕೆಲವರು ವಾಸ್ತು. ಮಾಸ್ತರರು ಲಿನಕ್ಸ್ ಹಿಡಿದರು. ಒಂದು ಹಸಿರು ಪೆನ್ ಡ್ರೈವ್ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಓಣಿಯಲ್ಲಿ ಯಾರ ಕಂಪ್ಯೂಟರು ಕೆಮ್ಮಿದರೂ ಹಾಜರು. ನನ್ನ ಯಂತ್ರವನ್ನು ಸೀರೆಯಿಂದ ಬಿಚ್ಚಿ, ತಿರುವಿ ನೋಡಿ, ಅವರು ಮುಖ ಅರಳಿಸಿದರು.

“ಇದು ಸತ್ತಿಲ್ಲರಿ ಅಕ್ಕೋರ. ಮ್ಯಾಲಿನ ಅಂಗಿ ಹರದೈತಿ, ಒಳಗ ಜೀವ ಐತಿ. ಲಿನಕ್ಸ್ ಅಗದಿ ಹಗರ ಇರ್ತೈತ್ರಿ, ಮುದುಕ ಯಂತ್ರಕ್ಕ ಹೇಳಿ ಮಾಡಿಸಿದ್ದು. ಮತ್ತ ಇದಕ್ಕ ಒಡೆಯಾ ಅಂತ ಯಾರೂ ಇಲ್ಲ. ಎಲ್ಲಾರದೂ!”

ಅವ್ವ ಮೊರದಿಂದ ತಲೆ ಎತ್ತದೆ ಕೇಳಿದಳು: “ಒಡೆಯಾ ಇಲ್ಲದ ಹೊಲದಾಗ ಕಸಾ ಯಾರ ತಗೀತಾರ್ರಿ ಮಾಸ್ತರ?”

ಇಂಥ ಪ್ರಶ್ನೆ ಮಾಸ್ತರರಿಗೆ ಕಾಲೇಜಿನಲ್ಲಿ ಬಂದಿರಲಿಕ್ಕಿಲ್ಲ. ಅವರು ಹೊಸ ದಾರಿ ಹಿಡಿದರು. “ಹಂಗಲ್ಲರಿ ಅವ್ವಾರ. ಇದು ಹೆಪ್ಪ ಇದ್ದಂಗ. ನಮ್ಮನಿ ಹೆಪ್ಪ ನಿಮಗ ಕೊಟ್ಟರ ನಮ್ಮದೇನರ ಕಡಿಮಿ ಆಗ್ತೈತೇನ್ರಿ? ನೀವು ಹಾಲಿಗಿ ಹಾಕಿ ಮೊಸರ ಮಾಡ್ಕೋತೀರಿ. ನಾಳಿ ಮತ್ತೊಬ್ಬರಿಗಿ ಕೊಡ್ತೀರಿ. ಈ ಪೆನ್ ಡ್ರೈವಿನ್ಯಾಗ ಇರೂದು ಹೆಪ್ಪ. ಈ ಲ್ಯಾಪ್‌ಟಾಪ್ ಹಾಲು.”

“ಹಂಗ ಹೇಳ್ರಿ ಮತ್ತ,” ಎಂದಳು ಅವ್ವ. “ಒಡೆಯಾ ಗಿಡೆಯಾ ಅಂತ ಯಾಕ ಸುತ್ತ ಹೊಡೀತೀರಿ?”

ಈ ಹೋಲಿಕೆಯನ್ನು ಮಾಸ್ತರರು ಹೇಳಿ ಮರೆತರು. ಅವ್ವ ಮರೆಯಲಿಲ್ಲ.

ಮೊದಲ ಸಂಜೆಯೇ ಕೆಲಸ ಅರ್ಧ ಆಯಿತೆಂದು ನಾವು ತಿಳಿದೆವು. ಯಂತ್ರದ ಒಂದು ಬದಿಯ ಪೆನ್ ಡ್ರೈವ್ ಕಿಂಡಿ ಎಂದೋ ಮುರಿದಿತ್ತು. ಇನ್ನೊಂದು ಬದಿಯದಕ್ಕೆ ಮಾಸ್ತರರು ಹಸಿರು ಪೆನ್ ಡ್ರೈವ್ ಚುಚ್ಚಿದರು. ಚಾಲೂ ಮಾಡುತ್ತಲೇ ಒಂದು ಕೀಲಿಯನ್ನು ಪಟಪಟನೆ ಒತ್ತುತ್ತಿರಬೇಕು, ಇಲ್ಲದಿದ್ದರೆ ಅದು ಮತ್ತೆ ತನ್ನ ಹಳೆಯ ಮರೆವಿಗೇ ಹೋಗುತ್ತದೆ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಅವ್ವ ಚಾ ತಂದಳು, ಚಾ ಆರಿತು, ಮತ್ತೆ ಕಾಸಿ ತಂದಳು. ಕೊನೆಗೆ ಪರದೆ ಬೆಳಗಿ ಎರಡು ದಾರಿ ತೋರಿಸಿತು. ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ ಲಿನಕ್ಸ್ ಸ್ಥಾಪಿಸುವುದು ಒಂದು. ಏನನ್ನೂ ಸ್ಥಾಪಿಸದೆ, ಪೆನ್ ಡ್ರೈವಿನಿಂದಲೇ ನಡೆಸಿ ನೋಡುವುದು ಇನ್ನೊಂದು.

“ಎರಡನೇದು ಒತ್ರಿ ಮಾಸ್ತರ, ನಿಮ್ಮ ಕಾಲಿಗಿ ಬೀಳ್ತೇನಿ” ಎಂದೆ. ಒತ್ತಿದರು. ಹೊಸ ಅಂಗಳದಂಥ ಪರದೆ ತೆರೆಯಿತು. ಮೂಲೆಯ ಗಡಿಯಾರ ಮಾತ್ರ ಯಾವುದೋ ಹಳೆಯ ವರ್ಷದ ಜನವರಿಯಲ್ಲಿ ನಿಂತಿತ್ತು. ಒಳಗೊಂದು ಪುಟ್ಟ ಸೆಲ್ ಸತ್ತರೆ ಹಾಗಾಗುತ್ತದಂತೆ. ನಾನು ಆ ವರ್ಷವನ್ನು ಓದಿ ಹೇಳಿದಾಗ ಅವ್ವ, “ಆವಾಗ ನೀಲಿ ಇದ್ಲು” ಎಂದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯಿಲ್ಲದ ಯಂತ್ರ, ಎಲ್ಲವೂ ಕತ್ತಲು. ಆ ಸಂಜೆ ಕರೆಂಟು ಬರಲಿಲ್ಲ. ಮಾಸ್ತರರು ಪೆನ್ ಡ್ರೈವನ್ನು ನಮ್ಮಲ್ಲೇ ಬಿಟ್ಟು ಹೋದರು. ಮುಂಜಾನೆ ನಾನು ಶಾಲೆಗೆ ಹೋದ ಮೇಲೆ ಅವರಿಗೆ ಬೇರೆ ಯಾರದೋ ಕಂಪ್ಯೂಟರಿಗೆ ಅದು ಬೇಕೆಂದು ಶಾಂತಕ್ಕ ಕೇಳಿ ಕಳಿಸಿದಳಂತೆ, ಅವ್ವ ಕೊಟ್ಟಳಂತೆ. ಕೊನೆಗೆ ಆ ಕಂಪ್ಯೂಟರು ತಾನಾಗಿಯೇ ಸರಿಹೋಗಿ, ಪೆನ್ ಡ್ರೈವ್ ಚುಚ್ಚುವ ಪ್ರಮೇಯವೇ ಬರಲಿಲ್ಲವಂತೆ. ಅದರಲ್ಲಿ ಹೇಳುವಂಥದೇನೂ ನನಗೆ ಕಾಣಲಿಲ್ಲ.

ಆದರೆ ಆಮೇಲೆ ಲ್ಯಾಪ್‌ಟಾಪು ಮುನಿಸಿಕೊಂಡಿತು. ಮಾಸ್ತರರು ಮತ್ತೆ ಬಂದು ಚುಚ್ಚಿದರೆ, ‘ಆರಂಭಿಸಲು ಯಾವ ಸಾಧನವೂ ಇಲ್ಲ’ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ಕಿತ್ತು ಚುಚ್ಚಿದರೂ ಅದೇ, ಬಯ್ದು ಚುಚ್ಚಿದರೂ ಅದೇ. ಮಾಸ್ತರರಿಗೆ ಹುರುಪು ಏರಿತು. ಯಂತ್ರ ಕೆಟ್ಟಷ್ಟೂ ಅವರಿಗೆ ಹಸಿವೆ ಹೆಚ್ಚು. ಬಯೋಸ್ ಎಂಬ ನೀಲಿ ಪರದೆಯೊಳಗೆ ಇಳಿದು, ಮೊದಲು ಯಾರು ಎಚ್ಚರಾಗಬೇಕು, ಆಮೇಲೆ ಯಾರು ಎಂಬ ಸರದಿಯನ್ನು ಹಿಂದುಮುಂದು ಮಾಡಿದರು. ಮೊಬೈಲಿನಲ್ಲಿ ಯಾರದೋ ವಿಡಿಯೋ ಹಚ್ಚಿ, ಅದನ್ನು ಅಲ್ಲಲ್ಲಿ ನಿಲ್ಲಿಸಿ, ತಳದ ಸ್ಕ್ರೂ ಬಿಚ್ಚಿ, ರ‍್ಯಾಮ್ ಎಂಬ ಪಟ್ಟಿಯನ್ನು ಹೊರತೆಗೆದು, ನನ್ನ ಕಡೆ ಕೈಚಾಚಿ “ರಬ್ಬರ್” ಎಂದರು. ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರೆ ಹಳೆಯ ಯಂತ್ರ ಏಳುತ್ತದಂತೆ. ನನ್ನ ಚೀಲದಲ್ಲಿ ಎಂಟನೇ ಇಯತ್ತೆಯ ಹುಡುಗಿಯರಿಂದ ಕಸಿದಿಟ್ಟ, ಸ್ಟ್ರಾಬೆರಿ ವಾಸನೆಯ ರಬ್ಬರ್ ಇತ್ತು. ಅದರಿಂದಲೇ ಉಜ್ಜಿದೆವು. ಯಂತ್ರ ಏಳಲಿಲ್ಲ. ಮನೆಯೆಲ್ಲ ಸ್ಟ್ರಾಬೆರಿ ವಾಸನೆ ಬಂತು.

ಇದನ್ನೆಲ್ಲ ನೋಡುತ್ತಿದ್ದರೆ ನನಗೆ ಅಪ್ಪನ ರೇಡಿಯೋ ನೆನಪಾಗುತ್ತಿತ್ತು. ಅದು ನಿಂತಾಗ ಅಪ್ಪ ನೆತ್ತಿಗೆ ಒಂದು ಬಿಡುತ್ತಿದ್ದ. ಆಗ ಪ್ರದೇಶ ಸಮಾಚಾರ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿದಂತೆ ನಮಗೆ ಅನಿಸುತ್ತಿತ್ತು. ಆ ಚಿಕಿತ್ಸೆಯನ್ನೂ ಮಾಸ್ತರರು ಆಚೆ ತಿರುಗಿದ್ದಾಗ ನಾನು ಮಾಡಿ ನೋಡಿದೆ. ಅಂಗೈ ನೋಯಿತು.

“ಹಾಲ ಕೆಟ್ಟೈತೋ ಹೆಪ್ಪ ಕೆಟ್ಟೈತೋ, ಮೊದಲ ಅದನ್ನ ನೋಡ್ರಲಾ” ಎಂದು ಅವ್ವ ಒಮ್ಮೆ ಸೂಚಿಸಿದಳು.

ಮಾಸ್ತರರಿಗೆ ಅವಮಾನವಾಯಿತು. “ನಮ್ಮ ಹೆಪ್ಪ ಕೆಡೂದಿಲ್ಲರಿ ಅವ್ವಾರ. ನಾನs ಮಾಡಿದ್ದು.”

ಪಂಚಮಿ ಹತ್ತಿರ ಬಂತು. ಓಣಿಯ ಮನೆಗಳಿಂದ ಎಳ್ಳು ಹುರಿಯುವ ವಾಸನೆ. ನಮ್ಮ ಒಲೆ ಮಾತ್ರ ಸುಮ್ಮನಿತ್ತು. ಒಂದು ಮಧ್ಯಾಹ್ನ ಮಾಸ್ತರರು ಸ್ಕ್ರೂಗಳನ್ನೆಲ್ಲ ಮತ್ತೆ ಬಿಗಿದು, ಕೈ ಒರೆಸಿಕೊಂಡು, ತೀರ್ಪು ಕೊಟ್ಟರು.

“ಡಿಸ್ಕ್ ಸತ್ತಿರಬೇಕ್ರಿ ಅಕ್ಕೋರ. ಅದs ಎಲ್ಲಾದನ್ನೂ ತಡದು ಕುಂತಿರಬೇಕು. ಹಳೇದ ತಗದ ಒಗದು ಹೊಸಾದ ಹಾಕಸೂಣು. ಆಮ್ಯಾಲೆ ನೋಡ್ರಿ, ಕುದರಿ ಓಡಿದಂಗ ಓಡ್ತೈತಿ.”

“ಹಳೇದ್ರಾಗ ಇದ್ದಾಕಿ?” ಎಂದಳು ಅವ್ವ.

ಮಾಸ್ತರರು ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡು, ತಲೆ ತಗ್ಗಿಸಿ ಹೋದರು. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಮಾತು ಕೊಟ್ಟವಳು ನಾನು. ಆ ದಿನ ಅವಳ ಎದುರು ಊಟಕ್ಕೆ ಕೂರಲು ನನಗೆ ಬಹಳ ಕಷ್ಟವಾಯಿತು.

ಮರುದಿನ ಶಾಲೆಯಿಂದ ಬರುವಾಗ ಸಂಜೆಯಾಗಿತ್ತು. ಅವ್ವ ಪಡಸಾಲೆಯ ಕಂಬಕ್ಕೆ ಆತು ಕೂತಿದ್ದಳು. “ಗಂಗೂ, ನಿನ್ನ ಡಬ್ಬಿಗಿ ಇರಿವಿ ಹತ್ಯಾವ ನೋಡ” ಎಂದಳು.

ನೋಡಿದರೆ ಹೌದು. ಗೋಡೆಯ ಬಿರುಕಿನಿಂದ ಹೊರಟ ಕೆಂಪಿರುವೆಗಳ ಸಾಲು ಮೇಜಿನ ಕಾಲು ಹತ್ತಿ, ಲ್ಯಾಪ್‌ಟಾಪಿನ ಬದಿಯ ಕಿಂಡಿಗೆ ನೆಟ್ಟಗೆ ಹೋಗುತ್ತಿತ್ತು. ಪೆನ್ ಡ್ರೈವ್ ಚುಚ್ಚುವ ಕಿಂಡಿಗೆ. ಒಂದು ಇರುವೆ ಬಿಳಿಯ ಹರಳೊಂದನ್ನು ಹೊತ್ತು ಹೊರಗೆ ಬಂತು. ನಾನು ಬಗ್ಗಿ ನೋಡಿದೆ. ಅದು ಸಕ್ಕರೆ.

“ಯವ್ವಾ, ಇದ್ರಾಗ ಸಕ್ಕರಿ ಎಲ್ಲಿಂದ ಬಂತು?”

“ನಾ ಏನ ಅದಕ್ಕ ಸಕ್ಕರಿ ಹಾಕಿಲ್ಲವಾ. ಹಾಕಿದ್ದು ಹೆಪ್ಪಿನ ಬಟ್ಟಲಕ್ಕ.”

“ಯಾವ ಹೆಪ್ಪು?”

“ಮಾಸ್ತರದು. ಅವತ್ತ ಮುಂಜಾನೆ ಶಾಂತವ್ವ ಕೇಳಿ ಕಳಿಸಿದ್ಲಲ್ಲ. ಅವರ ಬಟ್ಟಲ ನಮ್ಮನ್ಯಾಗs ಇತ್ತು. ಸಕ್ಕರಿ ತುಂಬಿ, ನಡುವ ಅದನ್ನ ಚುಚ್ಚಿ ಕೊಟ್ಟು ಬಂದೆ. ಖಾಲಿ ಬಟ್ಟಲ ಹ್ಯಾಂಗ ಕೊಡ್ಲಿ? ಹೆಪ್ಪ ಅಂತ ಅವರs ಹೇಳ್ಯಾರ.”

ಶ್ರಾವಣದ ತಂಪಿಗೆ ಸಕ್ಕರೆ ಬೆವರುವ ಕಾಲ. ಪೆನ್ ಡ್ರೈವಿನ ಬಾಯಿ ತುಂಬ ಸಕ್ಕರೆ ಮೆತ್ತಿಕೊಂಡು ಗಟ್ಟಿಯಾಗಿದೆ. ಅದನ್ನೇ ನಾವು ದಿನಾ ತಂದು ಈ ಕಿಂಡಿಗೆ ತುರುಕಿದ್ದೇವೆ. ನಾನು ಅಲ್ಲೇ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ನಾನು ಯಾಕೆ ನಗುತ್ತಿದ್ದೇನೆಂದು ಅವ್ವನಿಗೆ ತಿಳಿಯಲಿಲ್ಲ. ತಿಳಿಸಿ ಹೇಳಿದೆ. “ಅಂದ್ರ ಡಿಸ್ಕ್ ಸತ್ತಿಲ್ಲಬೇ. ಮಾಸ್ತರ ಹೆಪ್ಪಿನ ಬಾಯಾಗ ನಿನ್ನ ಸಕ್ಕರಿ ಸಿಕ್ಕೊಂಡೈತಿ, ಅಷ್ಟs. ತೊಳದು ಹಾಕಿದ್ರ ನಡೀಬಹುದು.”

ಅವ್ವ ಎದ್ದು ನಿಂತಳು. “ಹಂಗಾರ ತಗೊಂಡ ಬಾ ನಡಿ.”

ಆದರೆ ದೇವರ ಮಾಡದಲ್ಲಿ ನಮ್ಮ ದೀಪ ಉರಿಯುತ್ತಿತ್ತು. ಅವರ ಮನೆಯಲ್ಲೂ ಹಚ್ಚಿರುವ ಹೊತ್ತು. “ನಾಳಿ ಮುಂಜಾನೆ ತರೂಣು” ಎಂದೆ, ಅವಳ ಕಾನೂನನ್ನೇ ನೆನೆದು. ಅವ್ವ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಸೆರಗು ಹೊದ್ದು, ಮಂಡಿನೋವನ್ನೂ ಲೆಕ್ಕಿಸದೆ ಕಟ್ಟೆ ಇಳಿದು ನಡೆದಳು. ನಾನು ಹಿಂದೆ ಓಡಿದೆ.

ಶಾಂತಕ್ಕ ಆಗಷ್ಟೇ ದೀಪ ಹಚ್ಚಿ ಕೈಮುಗಿಯುತ್ತಿದ್ದಳು. ಅವ್ವ ಬಂದ ಕಾರಣ ಕೇಳಿ ಅವಳ ಮುಖ ಸಣ್ಣದಾಯಿತು. “ಕೊಡೂದಕ್ಕೇನ್ರಿ ಅವ್ವಾರ, ಆದ್ರ ಈಗಷ್ಟ ದೀಪಾ ಹಚ್ಚೇನಿ. ನೀವs ಹೇಳ್ತಿದ್ರೆಲ್ಲ, ಹೆಪ್ಪ…”

“ಹೇಳ್ತಿದ್ದೆ. ಈಗೂ ಹೇಳ್ತೇನಿ,” ಎಂದಳು ಅವ್ವ. “ನಮ್ಮ ನೀಲಿ ಸಣ್ಣಾಕಿದ್ದಾಗ ಒಂದ ಸಲ ಏನ ಮಾಡಿದ್ಲು ಗೊತ್ತೇನು? ದೀಪಾ ದೊಡ್ಡದ ಮಾಡಿ ಹೆಪ್ಪ ಕೊಟ್ಟು ಮತ್ತ ಹಚ್ಚಿದ್ಲು. ನನಗ ಗೊತ್ತಿಲ್ಲ ಅಂತ ತಿಳದಿದ್ಲು. ನಾ ಬಾಗಲ ಹಿಂದ ನಿಂತು ನೋಡಿದ್ದೆ. ಯಾರಿಗೂ ಹೇಳಿಲ್ಲ, ಇವತ್ತಿನ ತನಕಾ.”

ನನಗೂ ಅದು ಹೊಸ ಸುದ್ದಿ. ಶಾಂತಕ್ಕ ಅವ್ವನ ಮುಖವನ್ನು ನೋಡಿದಳು. ದೀಪದ ಬತ್ತಿಯನ್ನು ಎಣ್ಣೆಯೊಳಗೆ ಸರಿಸಿದಳು. ಗಂಡನ ಮೇಜಿನ ಮೇಲಿಂದ ಪೆನ್ ಡ್ರೈವ್ ತಂದು ಅವ್ವನ ಅಂಗೈಗೆ ಹಾಕಿ, ಮತ್ತೆ ಕಡ್ಡಿ ಗೀರಿದಳು.

ಮಾಸ್ತರರಿಗೆ ಸಕ್ಕರೆಯ ಕಥೆ ಹೇಳಿದಾಗ ಅವರು ಕನ್ನಡಕ ಏರಿಸಿ ಪೆನ್ ಡ್ರೈವಿನ ಬಾಯಿಯೊಳಗೆ ಇಣುಕಿದರು. ಬಳಿಕ ಹೆಂಡತಿಯ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನ ಇದು?”

“ಗೊತ್ತಿರದೇನ? ಸಕ್ಕರಿ ಡಬ್ಬಿಗಿ ಸುರುವಿಕೊಂಡು, ಅದನ್ನ ಝಾಡಿಸಿ ನಿಮ್ಮ ಟೇಬಲ್ ಮ್ಯಾಲೆ ಇಟ್ಟೆ. ಅದ್ರಾಗ ಹೇಳೂದೇನೈತಿ?”

“ನಾ ಬಯೋಸ್ ತನಕಾ ಹೋಗಿ ಬಂದ್ನೆಲ್ಲ ಮಾರಾಯ್ತಿ!” ಎಂದು ಮಾಸ್ತರರು ತಲೆಗೆ ಕೈ ಹಚ್ಚಿಕೊಂಡರು.

ಹಳೆಯ ಹಲ್ಲುಜ್ಜುವ ಬ್ರಶ್ಶು, ಒಂದಿಷ್ಟು ಸ್ಪಿರಿಟ್ಟು. ನಮ್ಮ ಪಡಸಾಲೆಯಲ್ಲಿ ಎಲ್ಲರೂ ಕೂತು ಕಿಂಡಿಯ ಇರುವೆಗಳನ್ನು ಊದಿ ಓಡಿಸಿದೆವು, ಹರಳುಗಳನ್ನು ಸೂಜಿಯಿಂದ ಎಬ್ಬಿಸಿದೆವು. ಆರಿದ ಮೇಲೆ ಮಾಸ್ತರರು ಚುಚ್ಚಿದರು. ಗಿರಣಿ ಶುರುವಾಯಿತು. ಪರದೆ ಬೆಳಗಿತು. ಅದೇ ಎರಡು ದಾರಿ. ಈ ಸಲ ಯಾರೂ ಹೇಳುವ ಮೊದಲೇ ಅವರು ಎರಡನೆಯದನ್ನು ಒತ್ತಿದರು. ಹಳೆಯ ಡಿಸ್ಕು ಅಲ್ಲೇ ಇತ್ತು, ಒಂದು ಪುಟ್ಟ ಚಿತ್ರವಾಗಿ. ತೆರೆದರೆ ನನ್ನ ಪ್ರಶ್ನೆಪತ್ರಿಕೆಗಳ ರಾಶಿ. ಕಿರುಪರೀಕ್ಷೆ, ಅರ್ಧವಾರ್ಷಿಕ, ವಾರ್ಷಿಕ. ಅವುಗಳ ಅಡಿಯಲ್ಲಿ ಒಂದು ಧ್ವನಿಯ ಕಡತ, ‘ಚಿಗವ್ವ’.

ಮಾಸ್ತರರು ಮೊದಲು ಅದರ ಒಂದು ಪ್ರತಿ ತೆಗೆದಿಟ್ಟರು. ಬಳಿಕ ಹಚ್ಚಿದರು.

ಮೊದಲು ನನ್ನದೇ ಧ್ವನಿ, ಈಗಿನದಕ್ಕಿಂತ ತೆಳ್ಳಗೆ: “ಚಾಲೂ ಆಗೈತಿ ಚಿಗವ್ವಾ, ಹಾಡ.”

“ಒಲ್ಲ್ಯವಾ. ಡಬ್ಬಿ ಮುಂದ ಕುಂತು ಹಾಡಾಕ ನನಗೇನ ಹುಚ್ಚ ಹಿಡದೈತೇನ? ಬೆಲ್ಲಾ ಕರಗಾಕತ್ತೈತಿ, ಸರಿ ಅತ್ತಾಗ.”

ಅಷ್ಟೇ. ಹಾಡಿಲ್ಲ. ಆ ದಿನ ನಾನು ಮುನಿಸಿಕೊಂಡು ಎದ್ದು ಹೋಗಿರಬೇಕು, ಯಂತ್ರವನ್ನು ಬಂದು ಮಾಡಲು ಮರೆತು. ಮುಂದೆ ಬರೀ ಸೌಟಿನ ಸದ್ದು, ತಗಡಿನ ಮೇಲೆ ಮಳೆ. ಇಷ್ಟೆಲ್ಲ ಮಾಡಿ ಅವ್ವನಿಗೆ ನಾನು ಕೊಟ್ಟದ್ದು ಇದೇ? ನಿಲ್ಲಿಸಲು ಕೈ ಚಾಚಿದೆ. ಅವ್ವ ನನ್ನ ಮುಂಗೈ ಹಿಡಿದಳು.

ಸೌಟು ತಿರುಗುತ್ತಿತ್ತು. ಸಣ್ಣಗೆ ಒಂದು ಗುನುಗು, ಪದಗಳಿಲ್ಲದ್ದು. ಬಳಿಕ ಸೌಟು ನಿಂತಿತು.

“ಅಕ್ಕಾ, ಆಣ ಬಂತೇನ ನೋಡ ಬಾ.”

ಮಳೆ. ಬೆಲ್ಲ ಕುದಿಯುವ ಸದ್ದು.

“ಅಕ್ಕಾ… ಎಲ್ಲಿ ಹೋದಿ?”

ದೂರದಲ್ಲೆಲ್ಲೋ, ಹಿತ್ತಲಿನಲ್ಲಿ, ಬಳೆಗಳ ಕಿಣಿಕಿಣಿ. ಅಷ್ಟಕ್ಕೆ ಮುದ್ರಣ ಮುಗಿದಿತ್ತು.

ಶಾಂತಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅವ್ವ ಪರದೆಯನ್ನೇ ನೋಡುತ್ತಿದ್ದಳು, ಅದರಲ್ಲಿ ನೋಡುವಂಥದೇನೂ ಇಲ್ಲದಿದ್ದರೂ.

“ಕರದಾಳ,” ಎಂದಳು. “ಎರಡ ಸಲ ಕರದಾಳ ನೋಡವಾ. ನಾನs ಇದ್ದಿಲ್ಲ.”

ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದ ಸದ್ದು ಬಂತು. ಎಳ್ಳಿನ ಡಬ್ಬಿ ತೆರೆದದ್ದು, ಕಬ್ಬಿಣದ ಕಡಾಯಿ ಒಲೆಗೆ ಕೂತದ್ದು, ಬೆಲ್ಲ ಜಜ್ಜಿದ್ದು. ಸ್ವಲ್ಪ ಹೊತ್ತಿಗೆ ಅವ್ವನ ಕೂಗು: “ಗಂಗೂ, ಆ ಡಬ್ಬಿ ಇತ್ತ ತಗೊಂಡ ಬಾ.”

ತರುವುದೆಂದರೆ ವಾಯರು ಕೀಳಬೇಕು, ಕಿತ್ತರೆ ಯಂತ್ರ ಆರುತ್ತದೆ, ಮತ್ತೆ ಎಲ್ಲ ಮೊದಲಿನಿಂದ. ಮಾಸ್ತರರು ವಾಯರು ಕಿತ್ತು ಯಂತ್ರವನ್ನು ಒಳಗೊಯ್ದರು. ಮಿಕ್ಸರಿನ ಪಕ್ಕದ ಸಾಕೆಟ್ಟಿಗೆ ಚಾರ್ಜರು ಚುಚ್ಚಿದರು, ಪಟಪಟನೆ ಕೀಲಿ ಒತ್ತಿದರು, ಗಿರಣಿ ತಿರುಗಿತು. ಅಷ್ಟರಲ್ಲಿ ಎಳ್ಳು ಹುರಿದು, ಬೆಲ್ಲ ಕರಗಿ ನೊರೆ ಎದ್ದಿತ್ತು. ಅವ್ವ ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡು ಒಲೆಯ ಮುಂದೆ ನಿಂತಿದ್ದಳು.

“ಹಚ್ಚ” ಎಂದಳು.

ಹಚ್ಚಿದೆ. ಚಿಗವ್ವ ಹಾಡಲು ಒಲ್ಲೆ ಅಂದಳು. ಸೌಟು ತಿರುಗಿತು, ಅಲ್ಲೂ ಇಲ್ಲೂ. ಆ ಮಳೆಯೊಳಗೆ, ಹೊರಗೆ ಆಗಷ್ಟೇ ಶುರುವಾದ ಈ ಮಳೆಯೂ ಸೇರಿತು. ಗುನುಗು ಬಂತು, ನಿಂತಿತು.

“ಅಕ್ಕಾ, ಆಣ ಬಂತೇನ ನೋಡ ಬಾ.”

ಅವ್ವ ಸೌಟಿನ ತುದಿಯಿಂದ ಒಂದು ಹನಿಯನ್ನು ತಟ್ಟೆಗೆ ಬಿಟ್ಟಳು. ನೀರಿನಲ್ಲಿ ಬೆರಳಾಡಿಸಿ ಅದನ್ನು ಉರುಳಿಸಿದಳು. ಅದು ಗುಂಡಗಾಗಿ ಬೆರಳಿಗೆ ಬಂತು.

“ಬಂದೈತಿ ನೀಲೀ, ಇಳಸು” ಎಂದಳು. ಒಂದು ಗಳಿಗೆ ಕಾದಳು. ಆಮೇಲೆ ಸೆರಗಿನ ತುದಿಯಿಂದ ಕಡಾಯಿಯ ಕಿವಿ ಹಿಡಿದು ತಾನೇ ಇಳಿಸಿದಳು.